ಡೆವನ್ ಕಡೆಯ ಫುಲ್ಲರ್

ಈ ರೂತ್ ಟಕ್ಕರ್‌ಗೆ ಮೂವತ್ತೆರಡು ವರ್ಷ. ನಮಗೆ ಬೇಕಾಗಿದ್ದವಳಿಗೆ ಎಪ್ಪತ್ತೊಂಬತ್ತು.

ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆ ಗಾಜಿನ ಕಟ್ಟಡದ ಲಾಬಿಯಲ್ಲಿ ಹುಡುಗಿ ನಮ್ಮಿಬ್ಬರನ್ನೂ ನೋಡಿ ನಕ್ಕುಬಿಟ್ಟಳು. ಪಾಪ, ಒಳ್ಳೆಯ ಹುಡುಗಿ. ಇಷ್ಟು ದೂರ ಬಂದಿದ್ದೀರಿ, ಕಾಫಿಯಾದರೂ ಕುಡಿದು ಹೋಗಿ ಎಂದಳು. ನನ್ನ ಹೆಂಡತಿ ನಿಂಗವ್ವ ಬೇಡವೆಂದಳು. ನಾನು ಬೇಕೆನ್ನುವವನಿದ್ದೆ, ನನ್ನನ್ನು ಕೇಳಿದವರು ಯಾರು?

ಟೇಲರ್ ಊರಿನ ಡೊರೊಥಿ ಟಕ್ಕರ್ ಎಂಬ ಎಂಬತ್ತನಾಲ್ಕರ ಹೆಂಗಸು, ಐವತ್ತೊಂಬತ್ತು ವರ್ಷದ ಹಿಂದೆ ಮನೆ ಬಿಟ್ಟುಹೋದ ತನ್ನ ತಂಗಿ ರೂತ್‌ಳನ್ನು ಶನಿವಾರದೊಳಗೆ ಹುಡುಕಿಕೊಡಿ ಎಂದು ನಮ್ಮ ಕೈ ಹಿಡಿದು ಕೇಳಿಕೊಂಡಿದ್ದಳು. ನಾವು ಈ ಲಾಬಿಯಲ್ಲಿ ನಿಂತಾಗ ಆಗಲೇ ಗುರುವಾರ.

ಮುಂದಿನ ಸೋಮವಾರ ಡೊರೊಥಿಗೆ ಎದೆಯ ಆಪರೇಷನ್. ಅದಕ್ಕೆ ಮೊದಲು ತಂಗಿಯ ಮುಖ ನೋಡಿ ಒಂದೇ ಮಾತು ಹೇಳಬೇಕಂತೆ. ತಪ್ಪಾಯಿತು ಎಂದು. ಆಕೆ ಪೇಪರಿನಲ್ಲಿ ಜಾಹೀರಾತನ್ನೂ ಕೊಟ್ಟಿದ್ದಳು. ಅದನ್ನು ನೋಡಿ ಹದಿನೇಳು ಜನ ರೂತ್‌ಗಳು ಫೋನ್ ಮಾಡಿದ್ದರು. ಅವರಲ್ಲಿ ಒಬ್ಬಳು ಗಂಡಸಿನ ದನಿಯವಳು, ಇನ್ನೊಬ್ಬಳು ಡೊರೊಥಿಯನ್ನೇ ತನ್ನ ತಾಯಿ ಎಂದವಳು. ಹದಿನೇಳರಲ್ಲಿ ಹದಿನಾಲ್ಕನ್ನು ನಿಂಗವ್ವ ಫೋನಿನಲ್ಲೇ ಹೊಡೆದುಹಾಕಿದಳು. ಉಳಿದ ಮೂವರನ್ನು ನೋಡಲು ಮೂರು ದಿನ ನಾನು ಕಾರು ಓಡಿಸಿದೆ. ಈ ಹುಡುಗಿ ಮೂರನೆಯವಳು. ಅಜ್ಜಿಯ ಹೆಸರೂ ರೂತ್ ಎಂದು ಫೋನ್ ಮಾಡಿದ್ದಳು, ಆದರೆ ಆ ಅಜ್ಜಿ ಹುಟ್ಟಿದ್ದು ಕೆನಡಾದಲ್ಲಿ.

ಓದುಗರು ಹೊಸಬರಿದ್ದರೆ ಹೇಳಿಬಿಡುತ್ತೇನೆ. ನಾವು ಪೊಲೀಸರಲ್ಲ. ಜಾರ್ಜ್‌ಟೌನಿನಲ್ಲಿ ನಮ್ಮ ಮನೆ. ನಾನು ಮಹಾಂತಪ್ಪ, ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯಿಂದ ನಿವೃತ್ತನಾದವನು. ನಿಂಗವ್ವ ಇಪ್ಪತ್ತೆರಡು ವರ್ಷ ಆಸ್ಟಿನ್ನಿನ ಒಂದು ಲೈಬ್ರರಿಯಲ್ಲಿ ವಂಶಾವಳಿಯ ಮೇಜಿಗೆ ಕೂತು, ಟೆಕ್ಸಾಸಿನವರಿಗೆ ಅವರ ಮುತ್ತಜ್ಜರನ್ನು ಹುಡುಕಿಕೊಟ್ಟವಳು. ಈಗ ಸತ್ತವರನ್ನಲ್ಲದೆ ಬದುಕಿರುವವರನ್ನೂ ಹುಡುಕುತ್ತಾಳೆ. ನಾನು ಡ್ರೈವರ್. ಸಂಬಳ ಇಲ್ಲ, ಬೈಗುಳ ಉಂಟು.

ಹೊರಡುವಾಗ ರಿಸೆಪ್ಷನ್ನಿನವನು ನನ್ನ ಎದೆಯ ಮೇಲಿನ ಬ್ಯಾಡ್ಜ್ ವಾಪಸು ಕೇಳಿದ. ಅದರ ಮೇಲೆ ದೊಡ್ಡದಾಗಿ 'ಅಣ್ಣಿಗೇರಿ' ಎಂದಿತ್ತು.

"ಇಟಲಿಯವರಾ?" ಎಂದ.

ಹೀಗೆ ಯಾರಾದರೂ ಕೇಳಿದರೆ ನನಗೆ ಖುಷಿ. ಮೈಮೇಲೆ ದೇವರು ಬಂದವನಂತೆ ಶುರುಮಾಡಿದೆ. ಅಣ್ಣಿಗೇರಿ ನಮ್ಮ ಊರು. ಆದರೆ ಆ ಊರಿನಲ್ಲಿ ಇರುವವರೆಗೆ ನಮ್ಮನ್ನು ಯಾರೂ ಅಣ್ಣಿಗೇರಿ ಎನ್ನಲಿಲ್ಲ. ಇಡೀ ಊರೇ ಅಣ್ಣಿಗೇರಿ ಆಗಿರುವಾಗ ನಮ್ಮೊಬ್ಬರನ್ನೇ ಹಾಗೆ ಕರೆದು ಏನು ಪ್ರಯೋಜನ? ಅಲ್ಲಿ ನಮಗೆ ಗಾಣಿಗೇರ ಎನ್ನುತ್ತಿದ್ದರು, ಎಣ್ಣೆಗಾಣದವರು ಎಂದು. ಅಜ್ಜ ಹುಬ್ಬಳ್ಳಿಗೆ ಬಂದ ಮೇಲೆ ಅಲ್ಲಿನವರು ಅಣ್ಣಿಗೇರಿಯವರು ಎಂದರು, ಅದೇ ಪಾಸ್‌ಪೋರ್ಟಿಗೂ ಹತ್ತಿತು.

ಆ ಮನುಷ್ಯ ಕೇಳಿಸಿಕೊಂಡನೋ ಇಲ್ಲವೋ, ನಿಂಗವ್ವ ಮಾತ್ರ ಬಾಗಿಲ ಹತ್ತಿರ ನಿಂತುಬಿಟ್ಟಿದ್ದಳು.

"ಏನ್ರೀ, ಇನ್ನೊಮ್ಮೆ ಹೇಳ್ರಿ."

"ಯಾವುದು? ಎಣ್ಣೆಗಾಣದ್ದಾ?"

"ಗಾಣಿಗೇರನೂ ಖರೇ, ಅಣ್ಣಿಗೇರಿನೂ ಖರೇ. ನಿಮ್ಮ ಅಜ್ಜ ಒಂದೂ ಸುಳ್ಳು ಹೇಳದಂಗ ಹೆಸರು ಬದಲು ಮಾಡಿದ್ರು, ಹೌದಲ್ಲ?"

"ಹೌದು. ಅದಕ್ಕೇನೀಗ?"

"ಗಾಡಿ ತಗೀರಿ," ಎಂದಳು. "ನಾವು ಮೂರು ದಿನದಿಂದ ಶುದ್ಧ ದಡ್ಡರಂಗ ಹುಡುಕಾಕತ್ತೇವಿ."

ಪಾರ್ಕಿಂಗಿನಲ್ಲಿ ಕಾರಿನ ಎಸಿ ಹಾಕಿಕೊಂಡು ಕೂತೆವು. ನಿಂಗವ್ವನ ಮುಖದಲ್ಲಿ ಹೋಳಿಗೆಯ ಹೂರಣ ಹದಕ್ಕೆ ಬಂದಾಗಿನ ಕಳೆ ಇತ್ತು.

"ಅಪ್ಪನ ಜೋಡಿ ಜಗಳಾಡಿ ಮನಿ ಬಿಟ್ಟಾಕಿ, ಅಪ್ಪನ ಹೆಸರು ಯಾಕ ಹೊತ್ತುಕೊಂಡು ತಿರಗತಾಳ್ರಿ?"

"ಮದುವಿ ಆಗಿ ಗಂಡನ ಹೆಸರು ಇಟ್ಟುಕೊಂಡಿರಬೇಕು."

"ಹಂಗಿದ್ರ ಮದುವಿ ದಫ್ತರದಾಗ ಸಿಗತಿದ್ಲು. ಅದನ್ನ ಮೊದಲ ದಿನಾನ ನೋಡೀನಿ. ಆಕಿ ಹೆಸರು ಬದಲು ಮಾಡ್ಯಾಳ. ಆದ್ರ ಯಾವ ಹೆಸರು? ಬಾಯಿಗೆ ಬಂದದ್ದು ಇಟ್ಟುಕೊಳ್ಳೋ ಪೈಕಿ ಅಲ್ಲ ಆಕಿ. ಅಪ್ಪ ಶಾಲಿ ಮಾಸ್ತರ. ರಾತ್ರಿ ಊಟಕ್ಕ ಕುಂತಾಗ ದಿನಾ ಮಕ್ಕಳಿಗೆ ತಮ್ಮ ಮನಿತನದ ಹೆಸರಿನ ಕತಿ ಹೇಳತಿದ್ದ ಅಂತ ಡೊರೊಥಿ ಹೇಳಲಿಲ್ಲೇನು? ಆವಾಗ ನೀವು ಆಕಿ ಮಾಡಿದ ಪೀಚ್ ಹಣ್ಣಿನ ಪೈ ತಿನ್ನಾಕತ್ತಿದ್ರಿ."

ಪೈ ತಿನ್ನುತ್ತಿದ್ದದ್ದು ನಿಜ. ಎರಡು ತುಂಡು.

ಆಮೇಲೆ ಆಕೆ ಹೇಳಿದ್ದನ್ನು ಸಂಕ್ಷೇಪವಾಗಿ ಬರೆಯುತ್ತೇನೆ. ಆರೇಳು ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಉಣ್ಣೆಯ ಬಟ್ಟೆ ಮಗ್ಗದಿಂದ ಇಳಿದಾಗ ಜಾಳುಜಾಳಾಗಿ, ಜಿಡ್ಡಾಗಿ ಇರುತ್ತಿತ್ತು. ಅದನ್ನು ತೊಟ್ಟಿಯಲ್ಲಿ ಹಾಕಿ, ಒಂದು ಬಗೆಯ ಜೇಡಿಮಣ್ಣು ಬೆರೆಸಿ, ಕಾಲಿನಿಂದ ತುಳಿದು ತುಳಿದು ದಪ್ಪಗೆ, ಒತ್ತಾಗಿ ಮಾಡುವುದೇ ಕೆಲವರ ಕಸಬು. ದಕ್ಷಿಣ ಮತ್ತು ಪೂರ್ವದ ಕಡೆ ಅವರನ್ನು ಫುಲ್ಲರ್ ಎಂದರು. ಉತ್ತರದಲ್ಲಿ ವಾಕರ್ ಎಂದರು. ನೈಋತ್ಯದ ಮೂಲೆಯಲ್ಲಿ, ಡೆವನ್, ಸಾಮರ್ಸೆಟ್ ಸೀಮೆಯಲ್ಲಿ, ಟಕ್ಕರ್ ಎಂದರು. ನೀರಿನ ಗಿರಣಿಗಳು ಬಂದು ತುಳಿಯುವ ಕೆಲಸವನ್ನು ಕಿತ್ತುಕೊಂಡವು. ಮೊಮ್ಮಕ್ಕಳು ರೈತರಾದರು, ಮಾಸ್ತರರಾದರು, ಹಡಗು ಹತ್ತಿದರು. ಹೆಸರು ಮಾತ್ರ ಬಿಡಲಿಲ್ಲ.

"ಅಂದ್ರ ಟಕ್ಕರ್ ಅನ್ನೋ ಹುಡುಗಿ ಫುಲ್ಲರ್ ಆದ್ರ," ಎಂದೆ ನಿಧಾನವಾಗಿ, "ಸುಳ್ಳೂ ಹೇಳಿದಂಗಾಗಲಿಲ್ಲ, ಸಿಕ್ಕೂ ಬೀಳಲಿಲ್ಲ."

"ಫುಲ್ಲರ್ ಇಲ್ಲಾ ವಾಕರ್. ಎರಡರಾಗ ಒಂದು. ಜಗಳ ಮಗ್ಗದ ಸಲುವಾಗಿ ಆತು ಅಂತ ಡೊರೊಥಿ ಅಂದ್ಲು. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಮಗ್ಗದವರನ್ನ ಹುಡುಕೂಣು."

ಹುಡುಕಿದ್ದು ಇಪ್ಪತ್ತು ನಿಮಿಷ. ನಾನು ಅಷ್ಟರಲ್ಲಿ ಎದುರಿನ ಅಂಗಡಿಗೆ ಹೋಗಿ ನನ್ನ ಕಾಫಿ ಕುಡಿದು ಬಂದೆ. ಬಂದಾಗ ನಿಂಗವ್ವ ಫೋನನ್ನು ನನ್ನ ಮೂಗಿಗೆ ಹಿಡಿದಳು. ಹ್ಯೂಸ್ಟನ್ನಿನ ಕೈಮಗ್ಗದವರ ಸಂಘವೊಂದರ ಹಳೆಯ ಸುದ್ದಿಪತ್ರ, ೧೯೭೪ರದು. ಮಸುಕು ಫೋಟೋದಲ್ಲಿ ಎತ್ತರದ ಹೆಂಗಸೊಬ್ಬಳು ಮಗ್ಗದ ಹಿಂದೆ ನಿಂತಿದ್ದಳು. ಕೆಳಗೆ ಹೆಸರು: ರೂತ್ ಫುಲ್ಲರ್, ಶಿಕ್ಷಕಿ.

"ಹಣಿ ನೋಡು, ಥೇಟ್ ಡೊರೊಥಿ!" ಎಂದು ಕೂಗಿದೆ.

"ಹಣಿ ನೋಡಿ ತೀರ್ಪು ಕೊಡಾಕ ನಾವೇನು ಜ್ಯೋತಿಷ್ಯದವರೇನ್ರೀ? ಟೆಕ್ಸಾಸಿನಾಗ ಫುಲ್ಲರ್ ಅನ್ನವರು ಸಾವಿರಾರು ಮಂದಿ ಅದಾರ. ಹೋಗಿ ಕೇಳಬೇಕು. ಸಂಘದವರಿಂದ ವಿಳಾಸ ಸಿಕ್ಕೈತಿ, ನಡೀರಿ."

ಡಾಲಸ್‌ನಿಂದ ಹ್ಯೂಸ್ಟನ್ನಿಗೆ ನಾಲ್ಕು ಗಂಟೆಯ ದಾರಿ. ಅರ್ಧದಲ್ಲಿ ಹೆದ್ದಾರಿ ಪಕ್ಕದ ಕಲ್ಲುಬೆಂಚಿನ ಮೇಲೆ ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ದಂಡೆಯುದ್ದಕ್ಕೂ ನೀಲಿ ಹೂ ಬಿಟ್ಟಿತ್ತು, ಜನ ಕೂಸುಗಳನ್ನು ಅದರ ನಡುವೆ ಕೂರಿಸಿ ಫೋಟೋ ತೆಗೆಯುತ್ತಿದ್ದರು. ನನಗೆ ಬಹಳ ಸಂತೋಷವಾಗಿತ್ತು, ಹಾಡು ಗುನುಗುತ್ತಾ ಇನ್ನೊಂದು ರೊಟ್ಟಿಗೆ ಕೈ ಹಾಕಿದೆ.

"ಆ ಬಟ್ಟಿ ತೊಟ್ಟಿಯೊಳಗ ಮಣ್ಣಿನ ಜೋಡಿ ಇನ್ನೇನು ಹಾಕತಿದ್ರು ಗೊತ್ತೇನ್ರೀ?" ಎಂದಳು ನಿಂಗವ್ವ.

"ಏನು?"

"ಊರಮಂದಿ ಮನಿಯಿಂದ ಕೂಡಿಸಿ ತಂದ ಹಳೇ ಉಚ್ಚಿ. ಜಿಡ್ಡು ಬಿಡತೈತಿ ಅಂತ."

ರೊಟ್ಟಿಯನ್ನು ಡಬ್ಬಿಗೆ ವಾಪಸು ಇಟ್ಟೆ. ಅದನ್ನು ಆಕೆ ನಗುನಗುತ್ತಾ ತಾನೇ ತಿಂದಳು. ಮೂವತ್ತಾರು ವರ್ಷದಿಂದ ಇದೇ ಉಪಾಯ, ನಾನೂ ಪ್ರತಿ ಸಲ ಬೀಳುತ್ತೇನೆ.

ಹ್ಯೂಸ್ಟನ್ನಿನ ಹೈಟ್ಸ್ ಬಡಾವಣೆಯಲ್ಲಿ ಮರದ ಚಿಕ್ಕ ಮನೆ. ಮುಂದೆ ದೊಡ್ಡ ಓಕ್ ಮರ, ಜಗುಲಿಯಲ್ಲಿ ಎರಡು ತೂಗುಕುರ್ಚಿ. ಮೂರು ಗಂಟೆಯ ಸೆಕೆಗೆ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಬೆಲ್ ಒತ್ತಿದೆವು.

ಬಾಗಿಲು ತೆರೆದವಳು ಎತ್ತರದ, ಸಣಕಲು ಹೆಂಗಸು. ಬಿಳಿಗೂದಲನ್ನು ಗಂಡುಹುಡುಗರಂತೆ ಕತ್ತರಿಸಿದ್ದಳು. ಬೆರಳ ತುದಿಗಳು ನೂಲಿಗೆ ಹಾಕುವ ಬಣ್ಣದಿಂದ ನೀಲಿಯಾಗಿದ್ದವು.

"ನಾನು ನಿಂಗವ್ವ, ಇವರು ನನ್ನ ಗಂಡ. ಮನೆತನದ ಹೆಸರುಗಳ ಹಿಂದಿನ ಕತೆ ಹುಡುಕೋದು ನನ್ನ ಕೆಲಸ. ನಿಮ್ಮ ಹೆಸರಿನ ಕತೆ ಕೇಳೋಣ ಅಂತ ಬಂದೆ, ಮ್ಯಾಮ್. ಬೇಡ ಅಂದರೆ ಹೋಗ್ತೀವಿ."

ನನ್ನ ಹೆಂಡತಿ ಸುಳ್ಳು ಹೇಳುವುದಿಲ್ಲ. ಎಲ್ಲವನ್ನೂ ಒಂದೇ ಸಲ ಹೇಳುವುದೂ ಇಲ್ಲ. ಟೆಕ್ಸಾಸಿನವರು ಮಾತಿಗೊಮ್ಮೆ ಮ್ಯಾಮ್ ಎನ್ನುವುದೂ ನಮ್ಮ ಕಡೆ ಮಾತಿಗೊಮ್ಮೆ ರೀ ಎನ್ನುವುದೂ ಒಂದೇ ಆದ್ದರಿಂದ, ಆಕೆಯ ಇಂಗ್ಲಿಷ್ ಇಲ್ಲಿಯವರಿಗೆ ಬಹಳ ಹಿಡಿಸುತ್ತದೆ.

"ಹೆಸರಿನ ಕತೆಯಾ?" ಆ ಹೆಂಗಸಿನ ಕಣ್ಣುಗಳು ಮಿನುಗಿದವು. "ಬನ್ನಿ ಒಳಗೆ. ತಣ್ಣನೆಯ ಚಹಾ ಕೊಡ್ತೀನಿ."

ನಿಂಗವ್ವ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟಳು. ನಾನು ಶೂ ಬಿಚ್ಚಿದೆ, ಕಾಲ್ಚೀಲದ ತೂತನ್ನು ಹೆಬ್ಬೆರಳು ಮಡಚಿ ಮುಚ್ಚಿದೆ. "ಅಯ್ಯೋ, ಬಿಡೋದು ಬೇಡ" ಎಂದಳು ರೂತ್ ಫುಲ್ಲರ್. ಬಿಡದೆ ಒಳಗೆ ಹೋಗಲು ನಮಗೆ ಬರುವುದಿಲ್ಲ.

ಬೇರೆ ಯಾವ ಪತ್ತೇದಾರ ಬಂದಿದ್ದರೂ ಬೂಟು ಹಾಕಿಕೊಂಡೇ ನಡೆದುಹೋಗುತ್ತಿದ್ದ. ನಿಂಗವ್ವ ಬರಿಗಾಲಿನಲ್ಲಿ ಕೋಣೆಯ ನಡುವಿನ ಕಂದು ಜಮಖಾನೆಯ ಮೇಲೆ ಹೆಜ್ಜೆ ಇಟ್ಟವಳು ಅಲ್ಲೇ ನಿಂತಳು. ಹಿಮ್ಮಡಿಯಿಂದ ಒತ್ತಿದಳು. ಇನ್ನೊಂದು ಹೆಜ್ಜೆ ಹಾಕಿ ಮತ್ತೆ ಒತ್ತಿದಳು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಗಿರಣಿ ಮಾಲಲ್ರಿ ಇದು. ತುಳಿದದ್ದು," ಎಂದಳು.

ಆಕೆಗೆ ಅದು ತಿಳಿಯದೆ ಇನ್ನಾರಿಗೆ ತಿಳಿಯಬೇಕು? ಆಕೆಯ ತವರು ರಾಣೇಬೆನ್ನೂರು ಕಡೆಯ ಮೇಡ್ಲೇರಿ. ಮನೆ ತುಂಬ ಕಂಬಳಿಯ ಕೆಲಸ. ಸಣ್ಣವಳಿದ್ದಾಗ ಅಜ್ಜಿಯ ಜೊತೆ ಹಳ್ಳಕ್ಕೆ ಹೋಗಿ, ನೆನೆಸಿದ ಕಂಬಳಿಯನ್ನು ಸೊಂಟದ ಮೇಲೆ ಕೈಯಿಟ್ಟು ತುಳಿದವಳು. ನಮ್ಮಿಬ್ಬರ ಮದುವೆ ಹೇಗಾಯಿತು ಎಂಬುದು ಇನ್ನೊಂದು ಧಾರಾವಾಹಿಯಾಗುವಷ್ಟಿದೆ, ಈಗ ಬೇಡ.

ಚಹಾ ಬಂತು. ನಿಂಗವ್ವ ಚೀಲದಿಂದ ಶೇಂಗಾ ಹೋಳಿಗೆ ತೆಗೆದು ಕೊಟ್ಟಳು. ಎದುರಿನವರು ತಿನ್ನುವವರೆಗೆ ಆಕೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ರೂತ್ ಫುಲ್ಲರ್ ಒಂದನ್ನು ಪೂರ್ತಿ ತಿಂದು ಇನ್ನೊಂದನ್ನು ತೆಗೆದುಕೊಂಡಳು.

"ಈ ಜಮಖಾನೆ ನೀವೇ ಮಾಡಿದ್ದಾ?" ಎಂದಳು ನಿಂಗವ್ವ.

"ನಾನೇ ನೇಯ್ದೆ. ಹಿತ್ತಿಲ ತೊಟ್ಟಿಯಲ್ಲಿ ನಾನೇ ತುಳಿದೆ, ಎಂಟು ದಿನ. ಅಕ್ಕಪಕ್ಕದವರು ಮುದುಕಿಗೆ ತಲೆ ಕೆಟ್ಟಿದೆ ಅಂದ್ಕೊಂಡ್ರು." ಮಗುವಿನ ಹಾಗೆ ನಕ್ಕಳು. "ಫುಲ್ಲರ್ ಅಂದರೆ ಅದೇ ತಾನೆ? ನಮ್ಮ ಹಿರಿಯರ ಕಸಬು. ಹೆಸರಿಟ್ಟುಕೊಂಡರೆ ಸಾಕಾ, ಕಾಲು ಒದ್ದೆ ಮಾಡಿಕೊಳ್ಳಬೇಡವಾ?"

"ನಿಮ್ಮ ಹಿರಿಯರು ಎಲ್ಲಿಯವರು?"

"ಡೆವನ್. ನದಿ ದಂಡೆಯ ಒಂದು ಸಣ್ಣ ಹಳ್ಳಿ. ಅಲ್ಲಿಂದ ವರ್ಜೀನಿಯಾ, ಅಲ್ಲಿಂದ ಟೆನ್ನೆಸ್ಸಿ, ಆಮೇಲೆ ಇಲ್ಲಿ."

"ಖಂಡಿತ ಡೆವನ್ನಾ?"

"ಖಂಡಿತ. ನಮ್ಮಪ್ಪ ಪ್ರತಿ ರಾತ್ರಿ ಊಟಕ್ಕೆ ಕೂತಾಗ..." ಎಂದವಳು ನಿಲ್ಲಿಸಿದಳು.

ನಿಂಗವ್ವ ಚಹಾದ ಲೋಟ ಕೆಳಗಿಟ್ಟಳು.

"ಮ್ಯಾಮ್, ಬಟ್ಟೆ ತುಳಿಯುವವರಿಗೆ ಡೆವನ್ ಕಡೆ ಫುಲ್ಲರ್ ಅನ್ನೋ ವಾಡಿಕೆ ಇರಲಿಲ್ಲ. ಅಲ್ಲಿ ಅವರಿಗೆ ಬೇರೆ ಹೆಸರಿತ್ತು. ನಿಮಗೆ ಅದು ನನಗಿಂತ ಚೆನ್ನಾಗಿ ಗೊತ್ತು."

ರೂತ್ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟಳು.

"ಒಬ್ಬಿಬ್ಬರು ಫುಲ್ಲರ್‌ಗಳು ಅಲ್ಲೂ ಇದ್ದಿರಬಹುದು," ಎಂದಳು ರೂತ್. ದನಿ ಗಟ್ಟಿಯಾಗಿತ್ತು. "ಜನ ಊರಿಂದ ಊರಿಗೆ ಹೋಗ್ತಾರೆ."

"ಇರಬಹುದು. ಹಾಗಾಗಿ ಬರೀ ಡೆವನ್ ಅಂದಿದ್ದರೆ ನಾನು ನಂಬುತ್ತಿರಲಿಲ್ಲ. ಆದರೆ ಡೆವನ್ನಿನವರು, ವರ್ಜೀನಿಯಾ, ಟೆನ್ನೆಸ್ಸಿ ಮೇಲೆ ಬಂದವರು, ರಾತ್ರಿ ಊಟದ ಮೇಜಿನಲ್ಲಿ ಮಕ್ಕಳಿಗೆ ಹೆಸರಿನ ಪಾಠ ಹೇಳುವ ಅಪ್ಪ. ಇದೇ ಕತೆಯನ್ನು ನಾನು ಕಳೆದ ಸೋಮವಾರ ಟೇಲರ್ ಊರಿನ ಒಂದು ಅಡುಗೆಮನೆಯಲ್ಲಿ ಕೇಳಿದೆ. ಅಲ್ಲಿ ಹೇಳಿದವರ ಹೆಸರು ಟಕ್ಕರ್."

ರೂತ್ ಎದ್ದು ನಿಂತಳು. ಬಾಗಿಲು ತೋರಿಸಿ ಹೊರಡಿ ಎನ್ನುತ್ತಾಳೆಂದೇ ನಾನು ಶೂ ಎಲ್ಲಿ ಎಂದು ನೋಡಿದೆ. ಆಕೆ ಕಿಟಕಿಯ ಬಳಿ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ತಿರುಗಿದಾಗ ಗೊತ್ತಾಯಿತು, ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಐವತ್ತೊಂಬತ್ತು ವರ್ಷ! ಬ್ಯಾಂಕಿನವರಿಗೆ ಗೊತ್ತಾಗಲಿಲ್ಲ, ಚರ್ಚಿನವರಿಗೆ ಗೊತ್ತಾಗಲಿಲ್ಲ."

"ಹೆಸರು ಬದಲಾಯಿಸಿದಿರಿ, ಊರು ಬದಲಾಯಿಸೋದು ಮರೆತಿರಿ," ಎಂದೆ ನಾನು, ಬಾಯಿ ತಡೆಯಲಾರದೆ.

"ಮರೆತಿಲ್ಲ. ಮನಸ್ಸು ಬರಲಿಲ್ಲ." ಆಕೆ ಬಂದು ಮತ್ತೆ ಕೂತಳು. "ನನಗೆ ಮಗ್ಗದ ಕೆಲಸ ಕಲೀಬೇಕು ಅಂತ ಆಸೆ ಇತ್ತು. ಅಪ್ಪ ರೇಗಿಬಿಟ್ಟರು. ಆ ಕೊಳಕು ತೊಟ್ಟಿಯಿಂದ ಎದ್ದು ಬರೋಕೆ ನಮಗೆ ಐನೂರು ವರ್ಷ ಹಿಡೀತು, ನೀನು ವಾಪಸು ಇಳೀತೀಯಾ ಅಂದರು. ದಿನಾ ಹೆಸರಿನ ಜಂಬ, ಕಸಬು ಅಂದರೆ ನಾಚಿಕೆ! ಸರಿ, ನಿಮ್ಮ ಹೆಸರು ನೀವೇ ಇಟ್ಟುಕೊಳ್ಳಿ, ಕಸಬು ನಾನು ತಗೊಂಡು ಹೋಗ್ತೀನಿ ಅಂದೆ. ಮನೆ ಬಿಡುವಾಗ ಡೊರೊಥಿ, ನನ್ನ ಡಾಟಿ, ಮೆಟ್ಟಿಲ ಮೇಲೆ ನಿಂತಿದ್ದಳು. ಒಂದು ಮಾತು. ಹೋಗಬೇಡ ಅನ್ನೋ ಒಂದು ಮಾತು ಆಡಿದ್ದರೆ ಸಾಕಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು."

"ಆ ಮಾತು ಆಡದೇ ಇದ್ದದ್ದಕ್ಕೆ ತಪ್ಪಾಯಿತು ಅನ್ನೋಕೆ ಅವರು ನಿಮ್ಮನ್ನು ಹುಡುಕಿಸ್ತಿದ್ದಾರೆ," ಎಂದಳು ನಿಂಗವ್ವ. "ಮುಂದಿನ ಸೋಮವಾರ ಅವರಿಗೆ ಎದೆಯ ಆಪರೇಷನ್. ಶನಿವಾರದೊಳಗೆ ನಿಮ್ಮನ್ನು ನೋಡಬೇಕಂತೆ."

ರೂತ್‌ಳ ಮುಖದ ನಗು ಹೋಯಿತು. ನೀಲಿ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು.

"ಶನಿವಾರ ಯಾಕೆ, ಇವತ್ತೇ ಹೊರಡೋಣ," ಎಂದಳು. "ಆದರೆ ಒಂದು ಹೇಳಿರ್ತೀನಿ. ಓಡಿಹೋಗಿ ತಬ್ಬಿಕೊಳ್ಳೋಕೆ ನನ್ನಿಂದ ಆಗಲ್ಲ. ಮೊದಲು ಎದುರು ಕೂರಿಸಿಕೊಂಡು ಚೆನ್ನಾಗಿ ಬೈಯಬೇಕು. ಐವತ್ತೊಂಬತ್ತು ವರ್ಷದ್ದಿದೆ, ಊಟದವರೆಗೂ ಮುಗಿಯಲ್ಲ. ಕ್ಷಮಿಸೋದೋ ಬಿಡೋದೋ ಆಮೇಲಿನ ಮಾತು."

"ಬೈರಿ!" ಎಂದಳು ನಿಂಗವ್ವ ಕನ್ನಡದಲ್ಲೇ, ಆಕೆಯ ಎರಡೂ ಕೈ ಹಿಡಿದುಕೊಂಡು. "ಅಕ್ಕನ್ನ ತಂಗಿ ಬೈಲಿಲ್ಲ ಅಂದ್ರ ಇನ್ಯಾರು ಬೈಬೇಕು?" ರೂತ್‌ಗೆ ಅದು ಹೇಗೋ ಅರ್ಥವಾಯಿತು. ಇಬ್ಬರೂ ನಕ್ಕರು. ನಾನು ಮೂರನೆಯ ಹೋಳಿಗೆ ತೆಗೆದುಕೊಂಡೆ.

ಡೊರೊಥಿಗೆ ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಒಳ್ಳೆಯ ಸುದ್ದಿ ಹೇಳುವ ಅವಕಾಶ ನನಗೆ ಸಿಗುವುದೇ ಅಪರೂಪ. ಸ್ಪೀಕರ್ ಹಾಕಿ ಫೋನನ್ನು ಮೇಜಿನ ನಡುವೆ ಇಟ್ಟೆ. ರೂತ್ ಬಾಯಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿ ಕೂತಳು. ಅಕ್ಕನ ದನಿ ಕೇಳಿ ಅಷ್ಟು ವರ್ಷಗಳಾಗಿದ್ದವು.

"ಮಿಸ್ ಡೊರೊಥಿ, ನಾನು ಮಹಾಂತಪ್ಪ. ಕೂತಿದ್ದೀರಾ? ಕೂತುಕೊಳ್ಳಿ, ಒಂದು ಸಂತೋಷದ ಸುದ್ದಿ..."

"ಅಯ್ಯೋ, ನಾನೇ ನಿಮಗೆ ಫೋನ್ ಮಾಡೋಣ ಅಂತಿದ್ದೆ!" ಡೊರೊಥಿಯ ದನಿ ಇಪ್ಪತ್ತರ ಹುಡುಗಿಯದಾಗಿತ್ತು. "ಹುಡುಕೋದು ನಿಲ್ಲಿಸಿಬಿಡಿ. ರೂತ್ ಬಂದಳು! ಜಾಹೀರಾತು ನೋಡಿ ತಾನೇ ಬಂದಳು. ಮಧ್ಯಾಹ್ನದಿಂದ ಇಲ್ಲೇ ನನ್ನ ಎದುರು ಕೂತಿದ್ದಾಳೆ."

ನಾನು ನಿಂಗವ್ವನ ಮುಖ ನೋಡಿದೆ. ಆಕೆ ರೂತ್‌ಳ ಮುಖ ನೋಡುತ್ತಿದ್ದಳು.

"ನಾನು ಬಾಗಿಲು ತೆಗೆದ ಕೂಡಲೇ ತಬ್ಬಿಕೊಂಡಳು," ಡೊರೊಥಿ ಅಳುತ್ತಾ ನಗುತ್ತಾ ಹೇಳುತ್ತಿದ್ದಳು. "ತಪ್ಪಾಯಿತು ಅನ್ನೋದಕ್ಕೂ ಬಿಡಲಿಲ್ಲ. ಎಲ್ಲಾ ಕ್ಷಮಿಸಿಬಿಟ್ಟಳು, ಮಹಾಂತಪ್ಪ, ಎಲ್ಲಾ. ಇನ್ನು ಸೋಮವಾರ ಏನಾದರೂ ಆಗಲಿ, ನನಗೆ ಭಯ ಇಲ್ಲ."

ಆ ಕಡೆ ಯಾರೋ ಹೆಂಗಸು ಮೆಲ್ಲಗೆ, "ಡಾಟಿ, ಯಾರದು ಫೋನಲ್ಲಿ?" ಎಂದಳು.

ಹ್ಯೂಸ್ಟನ್ನಿನ ರೂತ್ ಕೈ ಚಾಚಿ ಫೋನಿನ ಮೇಲೆ ಅಂಗೈ ಮುಚ್ಚಿದಳು.

"ನಾನಿನ್ನೂ ಕ್ಷಮಿಸಿಲ್ಲ," ಎಂದಳು ಪಿಸುದನಿಯಲ್ಲಿ. "ನನ್ನ ಹೆಸರಲ್ಲಿ ಕ್ಷಮಿಸಿದವಳು ಯಾರು?"